ಹತ್ತನೆಯ ಬೋಲ್ಟು

ಹಳೇ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ
ಜೋಳದ ಖಾಲಿ ಚೀಲಗಳ ಮೇಲೆ
ನನ್ನ ಕಾರಿನ ಎಂಜಿನ್ನು ಬಿಡಿಬಿಡಿಯಾಗಿ ಮಲಗಿದೆ.
ಎಂಬತ್ತೆಂಟರ ಕಾಂಟೆಸಾ, ಕಪ್ಪು ಬಣ್ಣ.
ಒಂದು ಕಾಲಕ್ಕೆ ರ‍್ಯಾಲಿಯಲ್ಲಿ ಧೂಳೆಬ್ಬಿಸಿತ್ತಂತೆ.
ಮಾರಿದವನ ಮಾತು; ಅರ್ಧ ನಂಬಿ
ಪೂರ್ತಿ ದುಡ್ಡು ಎಣಿಸಿದೆ.

'ಮೇಡಮ್ಮಗ ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕಿತ್ತು?'
ಸ್ಟಾಫ್ ರೂಮಿನಲ್ಲಿ ಚಹಾ ಆರುವ ತನಕ ಚರ್ಚೆ.
ಮೂರನೇ ಗೇರಿನಲ್ಲಿ ಅದು ಉಸಿರು ಬಿಗಿಹಿಡಿದು
ಒಮ್ಮೆಲೇ ಬಿಟ್ಟಾಗ
ಬೆನ್ನು ಸೀಟಿಗೆ ಒತ್ತುತ್ತದಲ್ಲ,
ಅದಕ್ಕೆ ನನ್ನ ಬಳಿ ಸೂತ್ರವಿದೆ,
ಹೇಳಲು ಮಾತಿಲ್ಲ.

ಉಣಕಲ್ಲಿನ ಏರಿನಲ್ಲಿ ಬಿಳೀ ಹೊಗೆ ಬಂತು.
ಆಯಿಲ್ ಕಡ್ಡಿ ಎಳೆದರೆ ಹಾಲು ಹೆಚ್ಚಾದ ಚಹಾದ ಬಣ್ಣ.
ಇಮಾಮಹುಸೇನ ಬ್ಯಾಹಟ್ಟಿ ಬೆರಳಲ್ಲಿ ತಿಕ್ಕಿ, ಮೂಸಿ,
'ಹೆಡ್ ಗ್ಯಾಸ್ಕೆಟ್ ಹೋಗೇತ್ರಿ' ಅಂದ.
'ನೀರು, ಎಣ್ಣಿ, ಬೆಂಕಿ ಮೂರೂ ಒಂದ ಮನ್ಯಾಗ ಇರತಾವು,
ನಡುವಿನ ಗ್ವಾಡಿ ಬಿದ್ದೇತಿ.'

ಬಿಚ್ಚಿದಾಗ ಆ ಗೋಡೆ
ಖಡಕ್ ರೊಟ್ಟಿಗಿಂತ ತೆಳುವಾಗಿತ್ತು.
ಎರಡನೇ ಮೂರನೇ ತೂತಿನ ನಡುವೆ
ಹೆಂಚಿಗೆ ಹತ್ತಿದ ಹಾಗೆ ಸುಟ್ಟಿತ್ತು.

ಸಣ್ಣವನ್ನು ಅವನೇ ಕತ್ತರಿಸುತ್ತಾನೆ.
ನೀರಿನ ಪಂಪಿನ ಬಾಯಿಗೆ ಕಾಗದ ಹಾಸಿ
ಗುಂಡು ಸುತ್ತಿಗೆಯಿಂದ ಅಂಚಿಗುಂಟ ಟಕ್ ಟಕ್;
ಲೋಹವೇ ತನ್ನ ಆಕಾರ ಕೊರೆದುಕೊಡುತ್ತದೆ.
ಮೊದಲ ನಮೂನೆಗೆ ರಟ್ಟು ಬೇಕೆಂದ.
ಚೀಲದಲ್ಲಿದ್ದದ್ದು ಯಾವಳೋ ಹುಡುಗಿಯ ಪ್ರಾಕ್ಟಿಕಲ್ ಜರ್ನಲ್ಲು.
ಹಿಂದಿನ ಹೊದಿಕೆ ಹರಿದುಕೊಟ್ಟೆ.
ಅವಳಿಗೆ ಎರಡು ಮಾರ್ಕು ಹೆಚ್ಚು ಹಾಕಬೇಕು.

ಕೊಯಮತ್ತೂರಿನಿಂದ ಪಾರ್ಸೆಲ್ ಬಂತು.
ತಾಮ್ರದ ವಾಷರುಗಳು, ಮೂಗಬೊಟ್ಟಿನಷ್ಟು ಹೊಳಪು.
ರಟ್ಟಿಗೆ ಕಟ್ಟಿದ ಹೊಸ ಗ್ಯಾಸ್ಕೆಟ್ಟು
ಇನ್ನೂ ಬೆಂಕಿ ಕಂಡಿಲ್ಲ.
ಎಣ್ಣೆ ಕಾಗದದಲ್ಲಿ ಹೆಡ್ಡಿನ ಬೋಲ್ಟುಗಳು.
ಬಿಲ್ಲಿನಲ್ಲಿ ಹತ್ತು.
ಇಬ್ಬರೂ ಎರಡು ಸಲ ಎಣಿಸಿದೆವು. ಒಂಬತ್ತು.

'ಹಳೇದೊಂದು ಹಾಕಿಬಿಡು ಇಮಾಮಣ್ಣ,
ಗದಗ ರಸ್ತೆಗೆ ಹೊಸ ಡಾಂಬರು ಬಿದ್ದಿದೆ,
ಗುಂಡಿ ಬೀಳುವುದರೊಳಗೆ ಒಮ್ಮೆ ಓಡಿಸಬೇಕು.'

ಅವನು ಮಾತಾಡಲಿಲ್ಲ.
ಗಾಜಿನ ಹಲಗೆಯ ಮೇಲೆ
ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ನಿಲ್ಲಿಸಿದ.
ಹಳೆಯದು ಎತ್ತರ. ಉಗುರಿನ ಅಂಚಿನಷ್ಟು.
ಸೊಂಟದ ಹತ್ತಿರ ತುಸು ಸಪೂರ.
'ಜಗ್ಗಿ ಜಗ್ಗಿ ಉದ್ದ ಆಗೇತ್ರಿ.
ತಿರುವಿದ್ರ ಬಿಗಿ ಆದಂಗ ಕಾಣತೈತಿ,
ಹಿಡಿಯೂದಿಲ್ಲ.'

ಇಪ್ಪತ್ತಾರು ವರ್ಷ
ಕರಿಹಲಗೆಯ ಮೇಲೆ ಅದೇ ಗೆರೆ ಎಳೆದಿದ್ದೇನೆ.
ನೇರವಾಗಿ ಏರಿ, ಒಂದು ಕಡೆ ಬಾಗುವ ಗೆರೆ.
ಬಾಗುವಲ್ಲಿ ಚುಕ್ಕೆ ಇಟ್ಟು
'ಇಲ್ಲಿಂದಾಚೆ ವಸ್ತು ಮೊದಲಿನಂತಾಗದು,
ಬರೆದುಕೊಳ್ಳಿ, ನಾಲ್ಕು ಮಾರ್ಕಿಗೆ ಬರುತ್ತದೆ.'
ಸೀರೆಗೆ ಬಿದ್ದ ಚಾಕ್ ಪುಡಿ ಕೊಡವಿ ಮುಂದಿನ ಪಾಠ.
ಆ ಚುಕ್ಕೆ ಹೀಗೆ ಅಂಗೈಯಲ್ಲಿ ಕೂತು
ಇಷ್ಟು ಭಾರವಿರುತ್ತದೆಂದು,
ಸುಟ್ಟ ಎಣ್ಣೆ ನಾರುತ್ತದೆಂದು
ಯಾವ ಪುಸ್ತಕವೂ ಹೇಳಿರಲಿಲ್ಲ.
ಸೈನ್ಸಿನಲ್ಲಿ ಎರಡು ಸಲ ಫೇಲಾದ ಇಮಾಮಹುಸೇನ
ಕೈ ಒರೆಸುತ್ತ ನನ್ನ ಮುಖ ನೋಡಿದ.

ಸೋಮವಾರ ಬೋಲ್ಟನ್ನು ಕ್ಲಾಸಿಗೆ ಒಯ್ದೆ.
ಬೆಂಚಿನಿಂದ ಬೆಂಚಿಗೆ ದಾಟಿತು, ಮೂಗು ಮುರಿದರು, ನಕ್ಕರು.
ಕೊನೆಯ ಸಾಲಿನ ಹುಡುಗಿ ಕೇಳಿದಳು:
'ಇದು ಎಷ್ಟು ವರ್ಷ ಹಿಡಿದಿತ್ತು ಮಿಸ್?'
'ಮೂವತ್ತಾರು' ಅಂದೆ.
ಅವಳು ಪಕ್ಕದವಳಿಗೆ ಕೊಡುವುದನ್ನು ಮರೆತಳು.
ಬೆಲ್ಲಾಯಿತು.

ಬುಧವಾರ ಸಂಜೆ ಫೋನು:
'ಬಂತ್ರಿ ಮೇಡಂ ಹತ್ತನೇದು.
ಈ ಸಲ ಎರಡು ಕಳಿಸ್ಯಾರ.
ಹೆಚ್ಚಿಂದು ವಾಪಸ್ ಮಾಡ್ಲ್ಯಾ?'