ಓಡು

ನಮ್ಮ ಕಡೆ ಮನೆಯ ಹಂಚಿಗೂ ಓಡು ಅನ್ನುತ್ತೇವೆ,
ಆಮೆಯ ಬೆನ್ನಿಗೂ ಓಡು.
ಒಂದರಿಂದ ಬೆಳಗ್ಗೆ ಎದ್ದು ಹೊರಗೆ ಬರಬಹುದು.
ಇನ್ನೊಂದರಿಂದ ಬರಲಾಗುವುದಿಲ್ಲ.

ಕಸಬಾ ಬೆಂಗರೆಯ ನಮ್ಮ ಹಿತ್ತಿಲಲ್ಲಿ
ಬಾವಿಕಟ್ಟೆಗೆ ಒರಗಿಕೊಂಡಿದೆ ಅದು:
ಬೋರಲು ಹಾಕಿದರೆ ಗುಡ್ಡ, ಅಂಗಾತ ಇಟ್ಟರೆ ಬಾನಿ.
ಅಜ್ಜಿ ಅವ್ವಮ್ಮ ನನ್ನನ್ನು ಮೀಯಿಸಿದ್ದು ಅದರೊಳಗೆ,
ನನಗೂ ಮೊದಲು ನನ್ನುಮ್ಮನನ್ನು, ಅವಳ ಆರು ತಮ್ಮಂದಿರನ್ನು.
ಮದುವೆಯ ಹಿಂದಿನ ರಾತ್ರಿ ಅಕ್ಕಿ ನೆನೆಹಾಕಿದ್ದು,
ಮಳೆಗಾಲದಲ್ಲಿ ಹೇಂಟೆಯನ್ನು ಕಾವಿಗೆ ಕೂರಿಸಿದ್ದು.
ಒಂದು ಬದಿ ಸೀಳಿದೆ. ಅಲ್ಲಿ ಡಾಂಬರು,
ದೋಣಿಗೆ ಬಳಿದು ಉಳಿದದ್ದು.

ತಂದವನು ಉಮ್ಮನ ಅಜ್ಜ, ಖಲಾಸಿ ಇದ್ದಿನಬ್ಬ.
ಬಂದರಿನ ಧಕ್ಕೆಯಿಂದ ಹಂಚಿನ ಹಡಗು ಹತ್ತಿದವನು.
ನೇತ್ರಾವತಿಯ ಮಣ್ಣು, ಸುಟ್ಟು ಕೆಂಪಾದದ್ದು,
ಒಣಹುಲ್ಲು ಹಾಸಿ ಹಾಸಿ ಪೇರಿಸಿಕೊಂಡು
ಯಾವುದೋ ದ್ವೀಪದ ದೊರೆಗಳ ಬಂಗಲೆಗೆ.
ದ್ವೀಪದ ಹೆಸರಿಗೆ ಅವನ ನಾಲಿಗೆ ತಿರುಗುತ್ತಿರಲಿಲ್ಲ.
"ಆಚೆ" ಅನ್ನುತ್ತಿದ್ದ, ಪಡುವಣಕ್ಕೆ ಕೈ ಚಾಚಿ,
ನಾವು ಹೊಳೆ ದಾಟಿದ ಬಂದರನ್ನು ಆಚೆ ಅನ್ನುವ ಹಾಗೆ.

ಅಲ್ಲಿ ಆಮೆಗಳು ಎಮ್ಮೆಕರುವಿನಷ್ಟು ಇದ್ದವಂತೆ.
ಮನುಷ್ಯರು ಬಂದರೆ ಕತ್ತು ನೀಡಿ ನೋಡುತ್ತಿದ್ದವು,
ಹೆದರಿಕೆ ಕಲಿಸಲು ಅಲ್ಲಿ ಯಾರೂ ಇರಲಿಲ್ಲವಲ್ಲ.
ಹಗ್ಗ ಬೇಡ, ಸರಪಳಿ ಬೇಡ,
ನಾಲ್ಕು ಜನ ಸೇರಿ ಮಗುಚಿದರೆ ಆಯಿತು.
ಹಂಚು ಇಳಿಸಿದ ಜಾಗದಲ್ಲೇ ಅವುಗಳನ್ನು ಪೇರಿಸಿದರು.
ತಿಂಗಳುಗಟ್ಟಲೆ, ಹುಲ್ಲಿಲ್ಲದೆ, ನೀರಿಲ್ಲದೆ,
ಹಡಗಿನ ಹೊಟ್ಟೆಯ ಕತ್ತಲಿಗೆ
ಕಾಲು ಬೀಸುತ್ತಾ
ಅಡುಗೆಯವನು ಕರೆಯುವವರೆಗೆ.

"ಒಂದು ತುಂಡೂ ನಾನು ತಿಂದಿಲ್ಲ, ನಮಗದು ಹರಾಮು,
ತಿಂದದ್ದು ಕಪ್ತಾನ" ಎಂದು ಆಣೆ ಹಾಕುತ್ತಿದ್ದನಂತೆ.
ಮಗುಚಿದ ಕೈ ಯಾರದು ಬಾಪಾ,
ಎಂದು ಅವ್ವಮ್ಮ ಒಮ್ಮೆ, ಸಣ್ಣವಳಿದ್ದಾಗ, ಕೇಳಿಬಿಟ್ಟಳು.
ಆಮೇಲೆ ಅವನು ಆ ಬಾನಿಯ ನೀರಿನಲ್ಲಿ
ಕಾಲು ಕೂಡ ತೊಳೆಯಲಿಲ್ಲ.

ಇಲಿಯ ವಿಷಯ ಅವನಿಗೂ ಗೊತ್ತಿರಲಿಲ್ಲ.
ಹೇಳಿದ್ದು ನನ್ನ ಮಗಳು ರುಮಾನ,
ಪ್ರಾಣಿಶಾಸ್ತ್ರದ ಪುಸ್ತಕ ತೊಡೆಯ ಮೇಲಿಟ್ಟು, ಮಾವಿನಕಾಯಿ ಜಗಿಯುತ್ತಾ:
ದ್ವೀಪ ಬರಿದಾದದ್ದು ಬರೀ ಕತ್ತಿಯಿಂದಲ್ಲ ಉಪ್ಪಾ,
ಹಡಗಿನಿಂದಿಳಿದ ಇಲಿ, ಬೆಕ್ಕು, ಹಂದಿ, ಆಡು.
ಮೊಟ್ಟೆ ತಿಂದವು, ಮರಿ ತಿಂದವು, ಹುಲ್ಲೂ ಬಿಡಲಿಲ್ಲ.

ನನಗೆ ಒಣಹುಲ್ಲಿನ ನೆನಪಾಯಿತು.
ಅಕ್ಕಿ ಗೋದಾಮುಗಳಲ್ಲಿ ಕೊಬ್ಬಿದ ನಮ್ಮ ಬಂದರಿನ ಇಲಿಗಳು,
ಬಸುರಿ ಇಲಿಗಳು, ಹಂಚಿನ ಸಂದಿಯಲ್ಲಿ ಬೆಚ್ಚಗೆ.
ಸೂರು ಕಳಿಸಿದೆವು, ಸೂರು ಕಿತ್ತು ತಂದೆವು,
ಗುಮಾಸ್ತ ಜಮಾ ಖರ್ಚು ಸರಿ ಎಂದು ಬರೆದಿರಬಹುದು.
ಇಲಿಗಳನ್ನು ಯಾವ ಪುಸ್ತಕದಲ್ಲಿ ಬರೆದರೋ.

ಈ ಫೆಬ್ರವರಿಯಲ್ಲಿ ಅಳಿವೆಯ ಹತ್ತಿರ
ಕಡಲಾಮೆಯೊಂದು ಹತ್ತಿ ಬಂದು ಮೊಟ್ಟೆಯಿಟ್ಟು ಹೋಯಿತು.
ಅರಣ್ಯ ಇಲಾಖೆಯವರು ಗೂಟ ನೆಟ್ಟು ಬಲೆ ಸುತ್ತಿದರು.
ಹಗಲು ಗಾರ್ಡು ದೇಜಪ್ಪ, ರಾತ್ರಿ ನಾವು ಸರದಿಯಲ್ಲಿ.
ನಾಯಿಗಳು ಬರುತ್ತವೆ,
ಕುರ್ಕುರೆ ಪೊಟ್ಟಣ ಹಿಡಿದ ಹುಡುಗರು ಬರುತ್ತಾರೆ, ಮೊಬೈಲು ಬೆಳಗುತ್ತಾರೆ.
ಚಾ ಕುಡಿಯಲು ಮನೆಗೆ ಬಂದ ದೇಜಪ್ಪ
ಬಾವಿಕಟ್ಟೆ ನೋಡಿ "ಅದೆಂತದು?" ಎಂದ.
"ಬಾನಿ" ಎಂದೆ.
ಎರಡು ಸಲ ನೋಡಿದ. ಚಾ ಕುಡಿದ.

ಇದು ಆ ಜಾತಿಯೇ ಅಲ್ಲ ಎನ್ನುತ್ತಾಳೆ ರುಮಾನ,
ಅದು ನೆಲದ್ದು, ಇದು ನೀರಿನದು, ಬಹಳ ದೂರದ ನೆಂಟಸ್ತಿಕೆ.
ಇರಲಿ. ನನಗೆ ಹೇಗೂ ನಿದ್ದೆ ಬರುವುದಿಲ್ಲ.

ನಲವತ್ತೊಂದನೇ ರಾತ್ರಿ, ಕಡಲು ಇಳಿದಿತ್ತು,
ಬಲೆಯ ಬುಡದಲ್ಲಿ ಮರಳು ಕೆರೆಯುವ ಸದ್ದು.
ಟಾರ್ಚು ಹಾಕಿದೆ: ಎರಡು ಕಣ್ಣು, ಉದ್ದ ಬಾಲ.
ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆದು ಕೂಗಿದೆ,
ಓಡು!
ಎಸೆದದ್ದೂ ಅದೇ, ಹಂಚಿನ ಚೂರು,
ಕಾರ್ಖಾನೆಯ ಹೆಸರಿನ ಅರ್ಧ ಅಕ್ಷರ ಇನ್ನೂ ಇತ್ತು.

ಇಲಿ ಹೊಳೆಯ ಬದಿಗೆ ಓಡಿತು.
ಮರಳೊಳಗಿನವು ಅಲ್ಲಾಡಲಿಲ್ಲ,
ನನ್ನ ಕೂಗಿಗೆ ಹೆದರಲು
ಅವಿನ್ನೂ ಹುಟ್ಟಿರಲಿಲ್ಲ.