ಅಳಿವೆ

ಬಲ್ಮಠದ ಕಲ್ಲಚ್ಚಿನ ಕೋಣೆಯಲ್ಲಿ
ತೀತನಿಗೆ ಪಾದ್ರಿಗಳು ಕೊಟ್ಟದ್ದು ಒಂದು ಪಟ್ಟಿ:
ಮೊದಲ ಗುಟುಕಿನ ಕಡವು,
ಸಾಲದ ಸುಳಿ, ಮರೆವಿನ ಮರಳದಿಬ್ಬ,
ಹೆಂಡತಿಯ ಬೆಂಡೋಲೆ ಅಡವಿಟ್ಟ ಪೇಟೆ.
ಕೊನೆಗೆ ನಕಾಶೆಯ ಪಡುವಣ ಅಂಚಿನಲ್ಲಿ,
ದಪ್ಪ ಅಕ್ಷರದಲ್ಲಿ: ಅಳಿವು.

ತೀತ ಬೇರೆ ದೇಶ ಕಂಡವನಲ್ಲ.
ನೇತ್ರಾವತಿಯನ್ನೇ ಬರೆದ,
ಕಲ್ಲಿನ ಮೇಲೆ ಎಲ್ಲ ತಿರುವುಮುರುವು,
ಪಡುಗಡಲು ಮೂಡಣಕ್ಕೆ.
ಗಡಂಗುಗಳಿಗೆ ಮಾತ್ರ ಪಟ್ಟಿ ಬೇಕಾಗಲಿಲ್ಲ.
ಯಾವುದಕ್ಕೆ ಎಷ್ಟು ಮೆಟ್ಟಿಲು,
ಎಲ್ಲಿ ಒಣಮೀನು ಪುಕ್ಕಟೆ,
ಯಾವುದರ ಹಿತ್ತಿಲಲ್ಲಿ ಬಿದ್ದರೆ
ನಾಯಿಯೂ ಮೂಸುವುದಿಲ್ಲ, ಬಲ್ಲ.

ಗಂಜಿ ತಂದ ಮಿಲ್ಕಾ ಬಗ್ಗಿ ನೋಡಿದಳು.
ಓದು ಬಾರದವಳಿಗೆ ತಿರುವೂ ಒಂದೇ, ಮುರುವೂ ಒಂದೇ.
ಎರಡು ಹೊಳೆ ಕೂಡಿ ಕಡಲಿಗೆ ಬಾಯ್ದೆರೆದಲ್ಲಿ
ಬೆರಳಿಟ್ಟು ಕೇಳಿದಳು:
"ಇಲ್ಲೊಂದು ದೀಪ ಬೇಡವಾ?
ರಾತ್ರಿ ದೋಣಿಗಳು ಒಳಗೆ ಬರುವುದು ಹೇಗೆ?"

ತೀತ ಗಂಜಿ ಉಂಡ. ಕೈ ತೊಳೆದ.
ವಕಾರದ ಕೊಂಬು ಕೆರೆದು
ಎತ್ವ ಎಳೆದ.

ಮುನ್ನೂರು ಹಾಳೆ ಅಚ್ಚಾದ ಮೇಲೆ
ಪಾದ್ರಿಗಳು ಕನ್ನಡಕ ಏರಿಸಿ ಓದಿದರು: ಅಳಿವೆ.
"ತಪ್ಪಾಗಿದೆ, ತೀತ."
"ಹೌದು ಅಯ್ಯ."
ಸಂಬಳದಲ್ಲಿ ಆರಾಣೆ ಕಡಿತ.

ಆ ಸಂಜೆ ಗಡಂಗಿಗೆ ಹೋದ.
ತಡವಾಗಿ ಬಂದ.
ಮಿಲ್ಕಾ ಚಿಮಿಣಿ ಆರಿಸಿರಲಿಲ್ಲ.

ಹಾಳೆ ಈಗ ನನ್ನ ಪೆಟ್ಟಿಗೆಯ ತಳದಲ್ಲಿ, ಸೀರೆಗಳ ಅಡಿ.
ಸಾಲದ ಸುಳಿಯನ್ನು ಜಿರಲೆ ಪೂರ್ತಿ ತಿಂದಿದೆ,
ಪೇಟೆ ಅರ್ಧ.
ಪಡುವಣ ಅಂಚು ಉಳಿದಿದೆ.
ಆ ಎತ್ವ ಕೊಂಚ ಸೊಟ್ಟ.
ಮುತ್ತಜ್ಜನ ಕೈ ನಡುಗಿರಬೇಕು.