ಕಿತ್ತುಹೋಗಲೆಂದೇ ಕಟ್ಟಿದ್ದು

ಕಚೇರಿಯ ನಕ್ಷೆಯಲ್ಲಿ ಕೊಲೊರಾಡೊದ ಈ ಬಯಲೆಲ್ಲ ಚೌಕ ಚೌಕ.
ಅಡಿಕೋಲು ಹಿಡಿದವನಿಗೆ ಒಮ್ಮೆಯೂ
ಬಾಯಾರಿರಲಿಲ್ಲವೇನೋ.
ಹಸುಗಳ ನಕ್ಷೆ ಬೇರೆ:
ಎತ್ತಲಿಂದಲೋ ಸವೆದು ಬಂದ ಕಾಲುಹಾದಿಗಳು
ಬಾಗಿ, ಬಳಸಿ, ಕೊನೆಗೆಲ್ಲ
ಒಂದೇ ಹಳ್ಳಕ್ಕೆ ಮೂತಿ ಇಳಿಸುತ್ತವೆ.

ಹಳ್ಳವೆಂದರೆ ಹಳ್ಳವೂ ಅಲ್ಲ,
ವರ್ಷಕ್ಕೆ ಒಂಬತ್ತು ತಿಂಗಳು ಬರೀ ಮರಳು.
ಮೊಣಕೈಯಾಳ ಕೆದಕಿದರೆ ತಂಪು.
ಕಾಟನ್‌ವುಡ್ ಮರಗಳಿಗೆ ಅದು ಗೊತ್ತು;
ಅವು ನಿಂತಲ್ಲಷ್ಟೇ ಈ ಸೀಮೆಗೆ ನೆರಳು.

ಎಲ್ಡನ್ ಶ್ಲಾಗೆಲ್‌ನ ಬಳಿ ಕೆಲಸಕ್ಕೆ ಸೇರಿದ ವರ್ಷ
ಹಳ್ಳಕ್ಕೆ ಅಡ್ಡ ಬೇಲಿ ಕಟ್ಟಲು ಕಳಿಸಿದ.
ಹದಿನೇಳರ ಹುಮ್ಮಸ್ಸು. ಐದೆಳೆ ಮುಳ್ಳುತಂತಿ,
ಮಿಡಿದರೆ ನುಡಿಯುವಷ್ಟು ಬಿಗಿದೆ.
ಮುದುಕ ಬಂದ, ನೋಡಿದ,
ಇಕ್ಕಳ ತೆಗೆದು ಅಷ್ಟನ್ನೂ ಕತ್ತರಿಸಿದ.
“ದಿಬ್ಬದ ಮೇಲಿನ ಬೇಲಿ ನಿಲ್ಲಬೇಕು.
ಇಲ್ಲಿಯದು ಹೋಗಬೇಕು.”
ಹಳೇ ತಗಡು, ಹಲಗೆಯ ಚೂರು,
ಒಂದು ಉಕ್ಕಿನ ಹಗ್ಗಕ್ಕೆ ಜೋತುಹಾಕಿ
ಎರಡೂ ತುದಿಗೆ ತೆಳು ತಂತಿಯ ಸಡಿಲ ಗಂಟು.

ಹರಿವ ನೀರು ಯಾವ ದೊಣೆನಾಯಕನ ಅಪ್ಪಣೆಗೂ ಕಾಯದು.

ಜುಲೈಯಲ್ಲಿ ಬಂತು. ನಮ್ಮ ಮೇಲೆ ಹನಿಯೂ ಬಿದ್ದಿರಲಿಲ್ಲ;
ನಲವತ್ತು ಮೈಲಿ ಪಡುವಲಲ್ಲಿ ಯಾರದೋ ಆಕಾಶ ಒಡೆದಿತ್ತು.
ಮೊದಲು ಸದ್ದು. ಆಮೇಲೆ ನೊರೆ, ಒಣಸಗಣಿ, ಕಡ್ಡಿಕಸ,
ಅದರ ಬೆನ್ನಿಗೇ ಕಂದು ನೀರು, ಆಳೆತ್ತರ.
ಗಂಟು ಬಿಚ್ಚಿತು. ತಗಡು ಹೋಯಿತು.
ದಿಬ್ಬದ ಗೂಟ ಒಂದೂ ಅಲುಗಲಿಲ್ಲ.

ಮೂರು ದಿನ ಬೇಲಿಯಿಲ್ಲ.
ನಮ್ಮ ಹಸುಗಳು ಅತ್ತ, ಅವರ ಹೋರಿ ಇತ್ತ.
ಬೆನಿಟಾ ಅರ್ಚುಲೆಟಾ,
ಎಲ್ಡನ್‌ನೊಂದಿಗೆ ಹನ್ನೊಂದು ವರ್ಷ ಮಾತು ಬಿಟ್ಟವಳು
(ಬಾವಿಯ ಪಾಲಿನ ತಕರಾರು, ಯಾರಿಗೂ ಪೂರ್ತಿ ನೆನಪಿಲ್ಲ),
ಕೆಸರಲ್ಲಿ ಪಿಕಪ್ ನಿಲ್ಲಿಸಿ ಇಳಿದು ಬಂದಳು.
“ನಿನ್ನ ತಗಡು ನನ್ನ ಮರದಲ್ಲಿ ಸಿಕ್ಕಿಕೊಂಡಿದೆ.”
“ಇರಲಿ.”
“ಹೊಸ ಮಡು ನನ್ನ ಕಡೆ ಬಿದ್ದಿದೆ.”
“ಗೊತ್ತು.”
“ನಿನ್ನ ಹಸುಗಳಿಗೂ ಗೊತ್ತಾಗಿದೆ.”

ಆಮೇಲೆ ಮಾತಿಲ್ಲ. ಅವಳು ಇಕ್ಕಳ ತಂದಿದ್ದಳು.
ಸಂಜೆಯೊಳಗೆ ಹೊಸ ತಗಡಿನ ಸಾಲು ಓರೆಯಾಗಿ
ಮಡುವಿನ ನಡುವೆಯೇ ಹಾದುಹೋಯಿತು,
ಕಚೇರಿಯ ಗೆರೆಯಿಂದ ಅರವತ್ತು ಹೆಜ್ಜೆ ಆಚೆ.
ಎರಡೂ ಕಡೆಯ ಮೂತಿಗಳು
ಒಂದೇ ನೀರಲ್ಲಿ ಅಲೆಯೆಬ್ಬಿಸಿದವು.

ಇಬ್ಬರೂ ಈಗಿಲ್ಲ. ಮಡುವೂ ಹೂತುಹೋಗಿ
ಬೇರೆಲ್ಲೋ ಎದ್ದಿದೆ.
ಇಪ್ಪತ್ತಮೂರು ಸಲ ಕಟ್ಟಿದ್ದೇನೆ ಆ ಬೇಲಿಯನ್ನು.
ಬೂಟಿನ ದಾರ ಕಟ್ಟುವಾಗಲೂ
ನನ್ನ ಬೆರಳು ಒಂದು ಗಳಿಗೆ ನಿಲ್ಲುತ್ತದೆ,
ಎಷ್ಟು ಸಡಿಲ ಬಿಡಲಿ ಎಂದು.